ಕಳವಾದರೂ ಪ್ರವಾಸ ನಿಲ್ಲದಂತೆ: ನನ್ನ ಅನುಭವ

ಬ್ಯಾಂಕಿನ ನೌಕರಿಯಿಂದ ನಿವೃತ್ತಳಾದ ಮೇಲೆ, ಡೊಂಬಿವಲಿಯ ನಮ್ಮ ಕನ್ನಡ ಗೆಳತಿಯರು ವಿದೇಶ ಪ್ರವಾಸಕ್ಕೆ ಹೊರಟಾಗಲೆಲ್ಲ ಗುಂಪಿನ ಸುರಕ್ಷತೆಯ ಹೊಣೆ ನನ್ನ ಪಾಲಿಗೆ ಬರುತ್ತಿದೆ. ವಿಮಾನದ ಟಿಕೆಟು, ಹೋಟೆಲು, ವೀಸಾ ಅರ್ಜಿ ಇವನ್ನೆಲ್ಲ ಏಜೆಂಟರು ಮಾಡಿಕೊಡುತ್ತಾರೆ. ಆದರೆ ಕಾಣದ ಊರಿನಲ್ಲಿ ಕೈಚೀಲ ಕಳೆದುಕೊಂಡು, ಅಲ್ಲಿನ ಭಾಷೆ ಬಾರದೆ, ಗಾಬರಿಯಿಂದ ನಿಂತ ಅರುವತ್ತು ದಾಟಿದ ಹೆಂಗಸು ಮುಂದಿನ ಒಂದು ಗಂಟೆಯಲ್ಲಿ ಏನೇನು ಮಾಡಬೇಕೆಂದು ಮೊದಲೇ ಹೇಳಿಕೊಡುವ ಏಜೆಂಟರನ್ನು ನಾನು ಕಂಡಿಲ್ಲ. ಆ ಕೆಲಸವನ್ನು ನಾನು ಮಾಡುತ್ತ ಬಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಎಷ್ಟೇ ಎಚ್ಚರದಿಂದಿದ್ದರೂ ಕಳವು ಆಗಬಹುದೆಂದು ಒಪ್ಪಿಕೊಂಡು, ಒಂದೇ ಕಳವಿನಲ್ಲಿ ಹಣ, ಪಾಸ್‌ಪೋರ್ಟು, ಫೋನು ಮೂರೂ ಹೋಗದಂತೆ ಹೊರಡುವ ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದು ನನ್ನ ಪದ್ಧತಿಯ ತಿರುಳು.

ಹೊರಡುವ ಮುನ್ನ ಗೆಳತಿಯರು ನನ್ನಲ್ಲಿ ಕೇಳುವುದು ಕೊಲೆ, ದರೋಡೆ, ಅಪಹರಣಗಳ ಬಗ್ಗೆ. ಆದರೆ ಪ್ಯಾರಿಸ್, ರೋಮ್, ಬಾರ್ಸಿಲೋನಾಗಳಂಥ ಊರುಗಳಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಎದುರಿಸುವುದು ಜೇಬುಗಳ್ಳತನವನ್ನು ಮತ್ತು ಮಾತಿನಲ್ಲಿ ಮರುಳು ಮಾಡಿ ಹಣ ಕೀಳುವವರನ್ನು. ಇದನ್ನು ನಾನು ಮೊದಲೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ದೊಡ್ಡ ಭಯ ಮನಸ್ಸಿನಲ್ಲಿ ಕೂತಾಗ ಸಣ್ಣ ಎಚ್ಚರಗಳಿಗೆ ಜಾಗವಿರುವುದಿಲ್ಲ.

ಹೊರಡುವುದಕ್ಕೆ ಕೆಲವು ವಾರಗಳ ಮೊದಲು, ಒಂದು ಭಾನುವಾರ ಮಧ್ಯಾಹ್ನ, ಎಲ್ಲರನ್ನೂ ನಮ್ಮ ಮನೆಗೆ ಕರೆದು, ದಿನನಿತ್ಯ ಬಳಸುವ ಕೈಚೀಲವನ್ನು ಊಟದ ಮೇಜಿನ ಮೇಲೆ ಬರಿದು ಮಾಡಲು ಹೇಳುತ್ತೇನೆ. ಪ್ರತಿ ಸಲವೂ ಅದೇ ವಸ್ತುಗಳು ಹೊರಬರುತ್ತವೆ: ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಎರಡು ಮೂರು ಬ್ಯಾಂಕುಗಳ ಎಟಿಎಂ ಕಾರ್ಡುಗಳು, ಲೋಕಲ್ ರೈಲಿನ ಪಾಸು, ಲಾಕರಿನ ಕೀಲಿ, ರಕ್ತದೊತ್ತಡದ ಮಾತ್ರೆ, ನಾಲ್ಕಾಗಿ ಮಡಚಿದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಪಿನ್ ಸಂಖ್ಯೆ. ಇಡೀ ಸಂಸಾರವೇ ಆ ಚೀಲದಲ್ಲಿರುತ್ತದೆ. ಮಾತ್ರೆಯನ್ನೂ ಪ್ರವಾಸಕ್ಕೆಂದು ಆರಿಸಿದ ಒಂದು ಕಾರ್ಡನ್ನೂ ಬಿಟ್ಟು ಉಳಿದದ್ದೆಲ್ಲ ಮನೆಯಲ್ಲಿಯೇ ಇರಬೇಕು. ಮಾತ್ರೆ ಕೂಡ ಅರ್ಧ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ, ಜೊತೆಗೆ ವೈದ್ಯರ ಚೀಟಿಯ ಒಂದು ಪ್ರತಿ. ಪಿನ್ ಬರೆದ ಚೀಟಿಯನ್ನು ನನ್ನ ಎದುರಿಗೇ ಹರಿಸುತ್ತೇನೆ. ಇದರಲ್ಲಿ ನಾನು ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಂಡಿಲ್ಲ, ಏಕೆಂದರೆ ಇದರ ಪರಿಣಾಮವನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಹಳ ಕಂಡಿದ್ದೇನೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಅನಧಿಕೃತ ವ್ಯವಹಾರ ನಡೆದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ. ಆದರೆ ನಷ್ಟ ಗ್ರಾಹಕರ ಅಜಾಗರೂಕತೆಯಿಂದ ಆಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನೆಲ್ಲ ಅವರೇ ಹೊರಬೇಕು. ಕಾರ್ಡಿನ ಜೊತೆಯಲ್ಲಿಯೇ ಪಿನ್ ಇಟ್ಟುಕೊಂಡವರು ಎರಡನೆಯ ಸಾಲಿಗೆ ಸೇರುತ್ತಾರೆ.

ಕಾರ್ಡುಗಳ ವಿಷಯದಲ್ಲಿ 2020ರಿಂದ ನಮಗೆ ಒಂದು ದೊಡ್ಡ ಅನುಕೂಲವಾಗಿದೆ. ವಿದೇಶದ ಬಳಕೆ, ಆನ್‌ಲೈನ್ ಬಳಕೆ, ತಾಗಿಸಿ ಹಣ ಕೊಡುವ ಸೌಲಭ್ಯ ಇವುಗಳನ್ನು ನಾವೇ ಬ್ಯಾಂಕಿನ ಆ್ಯಪಿನಲ್ಲಿ ತೆರೆಯಬಹುದು, ಮುಚ್ಚಬಹುದು, ದಿನದ ಮಿತಿಯನ್ನೂ ಗೊತ್ತುಪಡಿಸಬಹುದು. ಹೊಸ ಕಾರ್ಡಿನಲ್ಲಿ ವಿದೇಶದ ಬಳಕೆ ಮುಚ್ಚಿಕೊಂಡೇ ಬರುತ್ತದೆ. ಯೂರೋಪಿನಲ್ಲಿ ಪಿನ್ ಒತ್ತದೆ, ಕಾರ್ಡು ತಾಗಿಸಿ 50 ಯೂರೊವರೆಗೆ ಕೊಡಲು ಅವಕಾಶವಿರುವುದರಿಂದ, ಕದ್ದ ಕಾರ್ಡು ಕಳ್ಳನಿಗೆ ಆ ಕ್ಷಣದಿಂದಲೇ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ನಮ್ಮ ಗುಂಪಿನಲ್ಲಿ ಪ್ರತಿಯೊಬ್ಬರ ಬಳಿಯೂ ಎರಡು ಕಾರ್ಡುಗಳಿರುತ್ತವೆ. ಸ್ವಲ್ಪ ವಿದೇಶಿ ಹಣವನ್ನು ಮೊದಲೇ ತುಂಬಿಸಿದ ಫಾರೆಕ್ಸ್ ಕಾರ್ಡು ಕೈಚೀಲದಲ್ಲಿ. ವಿದೇಶದ ಬಳಕೆಯನ್ನು ಮುಚ್ಚಿಟ್ಟ ಬೇರೆ ಬ್ಯಾಂಕಿನ ಕಾರ್ಡು ಹೋಟೆಲಿನ ತಿಜೋರಿಯಲ್ಲಿ. ಮೊದಲನೆಯದು ಹೋದರೆ ಮಾತ್ರ ಎರಡನೆಯದನ್ನು ತೆರೆಯುವುದು.

ಫೋನು ಕಳೆದರೆ ಆಗುವ ನಷ್ಟ ಹಣ ಕಳೆದದ್ದಕ್ಕಿಂತ ಹೆಚ್ಚು, ಏಕೆಂದರೆ ಓಟಿಪಿ ಬರುವುದು ಅದರೊಳಗಿನ ಭಾರತದ ಸಿಮ್ಮಿಗೆ. ಸಿಮ್ಮಿಗೆ ಪ್ರತ್ಯೇಕ ಪಿನ್ ಹಾಕಿಸುತ್ತೇನೆ. ಇಲ್ಲದಿದ್ದರೆ ಕಳ್ಳ ಅದನ್ನು ಬೇರೆ ಫೋನಿಗೆ ಹಾಕಿ ಓಟಿಪಿಗಳನ್ನು ಓದಬಲ್ಲ. ಐಫೋನು ಮತ್ತು ಆಂಡ್ರಾಯ್ಡ್ ಎರಡರಲ್ಲಿಯೂ 2024ರಲ್ಲಿ ಕಳವಿನ ವಿರುದ್ಧ ಹೊಸ ರಕ್ಷಣೆಗಳು ಬಂದಿವೆ. ಕೈಯಿಂದ ಕಸಿದುಕೊಂಡು ಓಡಿದರೆ ಪರದೆಗೆ ತಾನಾಗಿ ಬೀಗ ಬೀಳುವ ವ್ಯವಸ್ಥೆ ಆಂಡ್ರಾಯ್ಡಿನಲ್ಲಿದೆ. ಎಲ್ಲರ ಫೋನಿನಲ್ಲಿಯೂ ಈ ರಕ್ಷಣೆಗಳನ್ನು ಆ ಭಾನುವಾರವೇ ತೆರೆದಿಡುತ್ತೇವೆ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ, ಬ್ಯಾಂಕಿನ ತುರ್ತು ಸಂಖ್ಯೆ, ಮಕ್ಕಳ ಸಂಖ್ಯೆ, ಹೋಟೆಲಿನ ವಿಳಾಸ, ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ಇವನ್ನು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು, ರವಿಕೆಯ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮಗನ ಫೋನ್ ನಂಬರು ಬಾಯಿಗೆ ಬರುವವರು ಈಗ ನಮ್ಮಲ್ಲಿ ಬಹಳ ಕಡಿಮೆ.

ಬಂಗಾರದ ಮಾತು ಬಂದಾಗ ಮೇಜಿನ ಸುತ್ತ ಸ್ವಲ್ಪ ಹೊತ್ತು ಮೌನ ಕವಿಯುತ್ತದೆ. ಬಳೆ, ಉಂಗುರಗಳನ್ನು ತೆಗೆದಿಡಲು ಎಲ್ಲರೂ ಒಪ್ಪುತ್ತಾರೆ. ಕರಿಮಣಿಯನ್ನು ಮಾತ್ರ ಕೊರಳಿನಿಂದ ತೆಗೆಯಲಾರೆವೆಂದು ಹೇಳುವವರಿದ್ದಾರೆ. ಅವರ ಭಾವನೆಗೆ ನನ್ನಲ್ಲಿ ಗೌರವವಿದೆ. ಆದರೆ ಕಸಿಯುವವನು ಸರವನ್ನು ಎಳೆಯುವಾಗ ಕೊರಳಿಗೂ ಗಾಯವಾಗುತ್ತದೆ, ಎಳೆದ ರಭಸಕ್ಕೆ ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಆದುದರಿಂದ ಚಿನ್ನದ ತಾಳಿಯನ್ನು ಲಾಕರಿನಲ್ಲಿಟ್ಟು, ದಾರದಲ್ಲಿ ಪೋಣಿಸಿದ ಬರಿಯ ಕರಿಮಣಿಯನ್ನು ಬಟ್ಟೆಯ ಒಳಗೆ ಹಾಕಿಕೊಳ್ಳುವ ದಾರಿಯನ್ನು ನಮ್ಮ ಗುಂಪಿನ ಹಿರಿಯರೊಬ್ಬರು ಸೂಚಿಸಿದರು. ಅಂದಿನಿಂದ ಅದೇ ರೂಢಿಯಾಗಿದೆ.

ಮುಂಬಯಿಯವರಿಗೆ ಒಂದು ನಂಬಿಕೆಯಿದೆ: ಸಂಜೆ ಆರು ಗಂಟೆಗೆ ದಾದರಿನಲ್ಲಿ ಲೋಕಲ್ ಹತ್ತುವವರಿಗೆ ಯಾವ ಊರಿನ ಪಾಕೀಟುಮಾರನೂ ಹೊಸಬನಲ್ಲ ಎಂದು. ಚೀಲವನ್ನು ಎದೆಗೆ ಹಾಕಿಕೊಳ್ಳುವ ಅಭ್ಯಾಸ ನಮಗಿದೆ ಎಂಬುದು ನಿಜ. ಆದರೆ ದಾದರಿನಲ್ಲಿ ಮೈಗೆ ಮೈ ತಾಗುವುದು ನಮಗೆ ಸಹಜವೆನಿಸಿಬಿಟ್ಟಿರುವುದರಿಂದಲೇ ಹೊರದೇಶದಲ್ಲಿ ನಾವು ಮೋಸಹೋಗುತ್ತೇವೆ. ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಸಾಮಾನ್ಯ ಜನ ಒಬ್ಬರಿಂದೊಬ್ಬರು ತುಸು ಅಂತರ ಇಟ್ಟುಕೊಂಡೇ ನಿಲ್ಲುತ್ತಾರೆ. ಡಬ್ಬಿಯೊಳಗೆ ಜಾಗವಿದ್ದರೂ ಬಾಗಿಲಿನಲ್ಲಿ ನಮ್ಮ ಮೇಲೆ ಬಂದು ಬೀಳುವವರಿದ್ದರೆ, ಆ ನೂಕುನುಗ್ಗಲು ನಮಗಾಗಿಯೇ ಹುಟ್ಟಿಸಿದ್ದೆಂದು ತಿಳಿಯಬೇಕು. ಮುಂದಿದ್ದವನು ತಟ್ಟನೆ ನಿಲ್ಲುತ್ತಾನೆ, ಹಿಂದಿದ್ದವರು ಒತ್ತುತ್ತಾರೆ, ಪಕ್ಕದಲ್ಲಿ ಕೋಟನ್ನೋ ನಕ್ಷೆಯನ್ನೋ ತೋಳಿನ ಮೇಲೆ ಹಾಕಿಕೊಂಡವರ ಕೈ ಅದರ ಅಡಿಯಲ್ಲಿ ಕೆಲಸ ಮಾಡುತ್ತದೆ; ಬಾಗಿಲು ಮುಚ್ಚುವ ಗಂಟೆ ಬಾರಿಸಿದಾಗ ಅವರೆಲ್ಲ ಕೆಳಗಿಳಿದಿರುತ್ತಾರೆ. ನಾವು ಆಗ ಮಾಡುವುದು ಇಷ್ಟೇ: ಹತ್ತುವುದನ್ನು ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತು, ಮುಂದಿನ ರೈಲಿಗೆ ಕಾಯುವುದು. ಪ್ಯಾರಿಸ್ಸಿನ ಮೆಟ್ರೊ ಒಂದನೆಯ ಮಾರ್ಗ, ರೋಮಿನ ಟರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೆಯ ನಂಬರಿನ ಬಸ್ಸು, ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿ ಇವು ಈ ಕಸುಬಿಗೆ ಹೆಸರಾದ ಜಾಗಗಳು. ಹೋಟೆಲಿನ ಬೆಳಗಿನ ಉಪಾಹಾರದ ಕೋಣೆಯನ್ನೂ ನಾನು ಅದೇ ಪಟ್ಟಿಗೆ ಸೇರಿಸುತ್ತೇನೆ; ತಟ್ಟೆ ಹಿಡಿದು ಏಳುವಾಗ ಕುರ್ಚಿಗೆ ಚೀಲ ನೇತುಹಾಕಿ ಹೋಗುವುದು ನಮ್ಮ ಹೆಂಗಸರಲ್ಲಿ ಬಹಳ ಸಾಮಾನ್ಯ.

ಇಷ್ಟಾದರೂ ರೋಮಿನಲ್ಲಿ, ಒಂದು ಶನಿವಾರ ಮಧ್ಯಾಹ್ನ, ಟರ್ಮಿನಿ ನಿಲ್ದಾಣದ ಮೆಟ್ರೊ ಮೆಟ್ಟಿಲುಗಳ ಬಳಿ ನಮ್ಮ ಗೆಳತಿಯೊಬ್ಬರ ಕೈಚೀಲ ಹೋಯಿತು. ಚೀಲದ ಪಟ್ಟಿ ಹೆಗಲ ಮೇಲೆಯೇ ಇತ್ತು. ಎರಡು ತುದಿಗಳನ್ನೂ ಕತ್ತರಿಸಿದ್ದರು. ಒಳಗಿದ್ದದ್ದು ಫಾರೆಕ್ಸ್ ಕಾರ್ಡು, ಆ ದಿನದ ಖರ್ಚಿಗೆ ಇಟ್ಟ ಯೂರೊ, ಕನ್ನಡಕ, ಮಾತ್ರೆ. ಫೋನು ಒಳಜೇಬಿನಲ್ಲಿದ್ದುದರಿಂದ ಅಲ್ಲಿಯೇ ನಿಂತು ಕಾರ್ಡನ್ನು ಸ್ಥಗಿತಗೊಳಿಸಿದೆವು. ಅನಂತರ ನಿಲ್ದಾಣದೊಳಗಿನ ರೈಲ್ವೆ ಪೊಲೀಸರಲ್ಲಿ ದೂರು ಬರೆಸಿ, ಮೊಹರು ಹಾಕಿದ ಪ್ರತಿಯನ್ನು ಪಡೆದುಕೊಂಡೆವು. ಅಂದು ರಾತ್ರಿ ಅವರು ಎರಡನೆಯ ಕಾರ್ಡನ್ನು ತೆರೆದರು. ಮರುದಿನ ಎಲ್ಲರ ಜೊತೆ ಫ್ಲಾರೆನ್ಸಿಗೂ ಬಂದರು.

ಅದೇ ಪೊಲೀಸ್ ಕಚೇರಿಯ ಬೆಂಚಿನ ಮೇಲೆ ಪುಣೆಯ ದಂಪತಿಗಳಿಬ್ಬರು ಕೂತಿದ್ದರು. ಇಬ್ಬರ ಪಾಸ್‌ಪೋರ್ಟು, ಎಲ್ಲ ಕಾರ್ಡು, ಉಳಿದ ಪ್ರವಾಸದ ಪೂರ್ತಿ ಹಣ ಗಂಡನ ಸೊಂಟದ ಚೀಲ ಒಂದರಲ್ಲಿಯೇ ಇದ್ದು, ಅದು ಬಸ್ಸಿನಲ್ಲಿ ಹೋಗಿತ್ತು. ನನಗೆ ಬರುವ ಮರಾಠಿಯಲ್ಲಿ ಅವರನ್ನು ಸಮಾಧಾನಪಡಿಸಿ, ರಾಯಭಾರ ಕಚೇರಿಯ ತುರ್ತು ಸಂಖ್ಯೆಗೆ ಕರೆ ಮಾಡಿಸಿದೆ. ವಿಯಾ ವೆಂತಿ ಸೆತ್ತೆಂಬ್ರೆ ಎಂಬ ರಸ್ತೆಯಲ್ಲಿರುವ ಆ ಕಚೇರಿ ಟರ್ಮಿನಿಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೂ ಸೋಮವಾರದವರೆಗೆ ಕಾಯಬೇಕಾಗಿತ್ತು. ಅಲ್ಲಿ ಸಿಗುವ ತುರ್ತು ಪ್ರಮಾಣಪತ್ರದ ಸ್ವರೂಪವನ್ನು ಪ್ರವಾಸಿಗರೆಲ್ಲರೂ ತಿಳಿದಿರಬೇಕು: ಅದರ ಮೇಲೆ ಭಾರತಕ್ಕೆ ಒಮ್ಮೆ ಮರಳಬಹುದೇ ಹೊರತು ಮುಂದಿನ ದೇಶಕ್ಕೆ ಹೋಗಲು ಬರುವುದಿಲ್ಲ. ಕಳೆದ ಪಾಸ್‌ಪೋರ್ಟಿನ ಜೊತೆಗೆ ವೀಸಾವೂ ಹೋಗಿರುತ್ತದೆ. ಹೀಗಾಗಿ ಅವರ ಸ್ವಿಟ್ಜರ್ಲೆಂಡಿನ ಪ್ರವಾಸ ಅಲ್ಲಿಗೇ ನಿಂತಿತು. ವಿಮೆಯಿಂದಲೂ ಅವರಿಗೆ ನೆರವಾಗಲಿಲ್ಲ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೊಗಳ ವಿಮೆ ಕಾಯಿಲೆ, ಅಪಘಾತ, ಮರಣದ ಸಂದರ್ಭಕ್ಕೆ ಸಂಬಂಧಿಸಿದ್ದು. ಪಾಸ್‌ಪೋರ್ಟು ಕಳೆದ ಖರ್ಚು ಬೇಕಾದರೆ ಆ ಕಲಮು ಇರುವ ಪಾಲಿಸಿಯನ್ನು ನೋಡಿ ಕೊಳ್ಳಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿ ನಮ್ಮ ಕ್ರಮ ಹೀಗಿದೆ. ಊರು ಬದಲಿಸುವ ದಿನ ಅದು ಬಟ್ಟೆಯ ಒಳಗಿನ ಚಪ್ಪಟೆ ಚೀಲದಲ್ಲಿ, ಪ್ರತಿಯೊಬ್ಬರದು ಅವರವರ ಮೈಮೇಲೆ. ಉಳಿದ ದಿನಗಳಲ್ಲಿ ತಿಜೋರಿಯಲ್ಲಿ. ಮೂಲ ದಾಖಲೆಯನ್ನೇ ಕೇಳುವ ಪೊಲೀಸರು ಕೆಲವು ದೇಶಗಳಲ್ಲಿದ್ದಾರೆಂಬುದು ನಿಜವಾದರೂ, ವೀಸಾ ಪುಟದ ಸಹಿತ ಪ್ರತಿಯನ್ನು ತೋರಿಸಿ ಹೋಟೆಲಿಗೆ ಬನ್ನಿರೆಂದು ಹೇಳುವ ತೊಂದರೆ, ಪಾಸ್‌ಪೋರ್ಟು ಕಳೆದುಕೊಳ್ಳುವ ತೊಂದರೆಗಿಂತ ಚಿಕ್ಕದೆಂದು ನನ್ನ ಅಭಿಪ್ರಾಯ. ಎರಡು ಭಾವಚಿತ್ರಗಳೂ ಪ್ರತಿಗಳೂ ಪೆಟ್ಟಿಗೆಯಲ್ಲಿರುತ್ತವೆ. ರಾಯಭಾರ ಕಚೇರಿ ಮೊದಲು ಕೇಳುವುದು ಅವನ್ನೇ. ಪಾಸ್‌ಪೋರ್ಟನ್ನು ಯಾವ ಅಂಗಡಿಗೂ ಒತ್ತೆಯಾಗಿ ಕೊಡಬಾರದು. ಥಾಯ್ಲೆಂಡಿನ ಪಟ್ಟಾಯಾ, ಪುಕೆಟ್ ಕಡಲತೀರಗಳಲ್ಲಿ ಜೆಟ್ ಸ್ಕೀ ಬಾಡಿಗೆಗೆ ಪಡೆದವರ ಮೇಲೆ ಹಳೆಯ ಗೀರುಗಳನ್ನು ಹೊರಿಸಿ ಹಣ ಕೇಳುವ ಮೋಸ ಬಹುಕಾಲದಿಂದ ನಡೆಯುತ್ತಿದೆ. ಒತ್ತೆಯಿಟ್ಟ ಪಾಸ್‌ಪೋರ್ಟು ಅಂಥವರ ಕೈಯಲ್ಲಿದ್ದರೆ ವಾದಿಸುವ ಶಕ್ತಿಯೇ ನಮಗಿರುವುದಿಲ್ಲ. ಅಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155. ಯೂರೋಪಿನ ಒಕ್ಕೂಟದಲ್ಲೆಲ್ಲ 112. ಈಗ ನಮ್ಮ ದೇಶದಲ್ಲಿಯೂ ಅದೇ ಆಗಿರುವುದರಿಂದ ನೆನಪಿಡುವುದು ಸುಲಭ.

ಬ್ಯಾಂಕಾಕಿನ ಅರಮನೆಯ ಹೊರಗೆ ‘ಇಂದು ಮುಚ್ಚಿದೆ’ ಎಂದು ಹೇಳಿ ಆಟೊ ಹತ್ತಿಸಿ ಹರಳಿನ ಅಂಗಡಿಗೆ ಒಯ್ಯುವವರು, ಪ್ಯಾರಿಸ್ಸಿನ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲುಗಳಲ್ಲಿ ಕೈಗೆ ದಾರ ಕಟ್ಟಿ ಹಣ ಕೇಳುವವರು, ಸಹಿ ಹಾಕಿರೆಂದು ಕಾಗದದ ಹಲಗೆ ಹಿಡಿದು ಬರುವವರು ಇವರೆಲ್ಲರಿಗೂ ಒಂದೇ ಉತ್ತರ: ನಡಿಗೆಯನ್ನು ನಿಲ್ಲಿಸಬಾರದು. ಮಾತನಾಡಿಸಿದವರಿಗೆ ಉತ್ತರ ಕೊಡದಿರುವುದು ಒರಟುತನವೆಂದು ಬೆಳೆದ ನಮ್ಮವರಿಗೆ ಇದು ಕಷ್ಟವೆನಿಸುತ್ತದೆ. ಆದ್ದರಿಂದ ಇದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸುತ್ತೇನೆ. ಪೊಲೀಸರೆಂದು ಹೇಳಿಕೊಂಡು ಮಫ್ತಿಯಲ್ಲಿ ಬಂದು, ಖೋಟಾ ನೋಟು ಪರೀಕ್ಷಿಸಬೇಕು, ಪರ್ಸು ತೋರಿಸಿ ಎನ್ನುವವರ ಮುಂದೆ ಮಾತ್ರ ನಿಂತು, ಠಾಣೆಗೆ ಹೋಗೋಣ, ಅಲ್ಲಿ ತೋರಿಸುತ್ತೇವೆ ಎನ್ನಬೇಕು. ಪರ್ಸು ಅವರ ಕೈಗೆ ಹೋಗಬಾರದು. ಚಾಕು ತೋರಿಸಿದವನೊಡನೆ ಮಾತ್ರ ಯಾವ ವಾದವೂ ಬೇಡ, ಕೇಳಿದ್ದನ್ನು ಕೊಟ್ಟುಬಿಡಬೇಕು. ಚೀಲದಲ್ಲಿ ಒಂದು ದಿನದ ಖರ್ಚಿನ ಹಣ ಮಾತ್ರ ಇರುವವರಿಗೆ ಹಾಗೆ ಕೊಟ್ಟುಬಿಡುವ ಧೈರ್ಯ ಬರುತ್ತದೆ.

ಮರಳಿ ಬಂದ ಮೇಲೆ ವಿಮೆಯ ಹಣ ಕೇಳಲು ಪೊಲೀಸ್ ದೂರಿನ ಮೂಲಪ್ರತಿ ಬೇಕಾಗುತ್ತದೆ. ದೂರನ್ನು 24 ಗಂಟೆಯೊಳಗೆ ಕೊಟ್ಟಿರಬೇಕೆಂಬ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ. ಹೊಸ ಪಾಸ್‌ಪೋರ್ಟಿನ ಅರ್ಜಿಗೂ ಅದೇ ಆಧಾರ. ಆದರೆ ಕಳೆದಿದೆಯೆಂದು ಒಮ್ಮೆ ವರದಿಯಾಗಿ ರದ್ದಾದ ಪಾಸ್‌ಪೋರ್ಟು ಮಾರನೆಯ ದಿನ ಪೆಟ್ಟಿಗೆಯ ಪದರದಲ್ಲಿ ಸಿಕ್ಕರೂ ಅದರ ಮೇಲೆ ಪ್ರಯಾಣ ಮಾಡಲಾಗದು. ಹಾಗಾಗಿ ಕಳವನ್ನು ಕಣ್ಣಾರೆ ಕಾಣದಿದ್ದಾಗ, ಮೊದಲು ಕಾರ್ಡುಗಳನ್ನು ಸ್ಥಗಿತಗೊಳಿಸಿ, ಕೋಣೆ, ತಿಜೋರಿ, ಪೆಟ್ಟಿಗೆ, ಜೊತೆಯವರ ಚೀಲ ಎಲ್ಲವನ್ನೂ ಇಬ್ಬರು ಸೇರಿ ಹುಡುಕಿ, ಆಮೇಲೆ ಪಾಸ್‌ಪೋರ್ಟಿನ ದೂರು ಬರೆಸಲು ಠಾಣೆಗೆ ಹೋಗುತ್ತೇವೆ.