ಫೋನಿನಲ್ಲಿ ಜಪಾನೀಸ್ ಕಲಿಕೆ: ಆ್ಯಪ್‌ಗಿಂತ ಮೊದಲು ಸೆಟ್ಟಿಂಗ್ಸ್

ಆ್ಯಪ್ ಹುಡುಕುವ ಮೊದಲು ಫೋನಿನ ಭಾಷಾ ಪಟ್ಟಿಗೆ ಜಪಾನೀಸ್ ಸೇರಿಸಿ. ಕನ್ನಡವೋ ಇಂಗ್ಲಿಷೋ ಮೇಲಿರಲಿ, ಜಪಾನೀಸ್ ಅದರ ಕೆಳಗಿದ್ದರೆ ಸಾಕು. ಚೀನೀ ಭಾಷೆಯೂ ಪಟ್ಟಿಯಲ್ಲಿದ್ದರೆ ಜಪಾನೀಸ್ ಅದಕ್ಕಿಂತ ಮೇಲಿರಬೇಕು. ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚೀನೀ ಮತ್ತು ಜಪಾನೀಸ್‌ನ ಎಷ್ಟೋ ಅಕ್ಷರಗಳಿಗೆ ಸಂಕೇತ ಒಂದೇ. ಯಾವ ರೂಪ ಬೇಕೆಂದು ಗೊತ್ತಾಗದ ಫೋನು ಅನೇಕ ಸಲ ಚೀನೀ ರೂಪವನ್ನೇ ತೋರಿಸಿಬಿಡುತ್ತದೆ. ಪರೀಕ್ಷಿಸಲು ಮೂಳೆ ಎಂಬರ್ಥದ ‘ಹೊನೆ’ (骨) ಕಾಂಜಿಯನ್ನು, ಅಂದರೆ ಜಪಾನೀಸ್‌ನಲ್ಲಿ ಬಳಸುವ ಚೀನೀ ಮೂಲದ ಅಕ್ಷರವನ್ನು, ದೊಡ್ಡದು ಮಾಡಿ ನೋಡಿ. ಮೇಲಿನ ಚೌಕಟ್ಟಿನೊಳಗಿನ ಪುಟ್ಟ ಮೂಲೆ ಬಲಗಡೆ ಇದ್ದರೆ ಜಪಾನೀಸ್ ರೂಪ, ಎಡಗಡೆ ಇದ್ದರೆ ಚೀನೀ. ತಪ್ಪು ರೂಪ ಕೈಗೆ ರೂಢಿಯಾದ ಮೇಲೆ ತಿದ್ದಿಕೊಳ್ಳುವುದು ಕಷ್ಟ.

ಮುಂದಿನದು ಕೀಬೋರ್ಡ್. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಜಪಾನೀಸ್ ಸೇರಿಸುವಾಗ 12 ಕೀಲಿಗಳ ಫ್ಲಿಕ್ ವಿನ್ಯಾಸ, ಇಂಗ್ಲಿಷ್ ಅಕ್ಷರಗಳ ಕ್ವರ್ಟಿ, ಕೈಬರಹ ಮೂರೂ ಸಿಗುತ್ತವೆ. ಫ್ಲಿಕ್‌ನಲ್ಲಿ ‘ಅ’ ಕೀಲಿಯನ್ನು ಒತ್ತಿದರೆ ಅ. ಎಡಕ್ಕೆ ಎಳೆದರೆ ಇ, ಮೇಲಕ್ಕೆ ಉ, ಬಲಕ್ಕೆ ಎ, ಕೆಳಕ್ಕೆ ಒ. ಕ, ಸ, ತ ಸಾಲುಗಳಿಗೂ ಇದೇ ಕ್ರಮ. ಒಂದೇ ಕೈಯಲ್ಲಿ ಟೈಪ್ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಕ್ವರ್ಟಿಯಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ‘ತೋಕ್ಯೋ’ ಬರೆಯಲು ದೀರ್ಘಕ್ಕೆ ‘o’ ಕೀಲಿಯ ನಂತರ ‘u’ ಒತ್ತಬೇಕು, ‘o’ವನ್ನೇ ಎರಡು ಸಲ ಒತ್ತಿದರೆ ಸರಿಯಾದ ಕಾಂಜಿ ಬರುವುದಿಲ್ಲ. ಇನ್ನೊಂದು, ಬಿಡಿ ‘ನ್’ ಮುಂದೆ ಸ್ವರ ಬಂದಾಗ: ಧೂಮಪಾನ ನಿಷೇಧ ಎಂಬರ್ಥದ ‘ಕಿನ್‌ಎನ್’ಗೆ ‘n’ ಕೀಲಿಯನ್ನು ಎರಡು ಸಲ ಒತ್ತದಿದ್ದರೆ ‘ಕಿನೆನ್’, ಅಂದರೆ ಸ್ಮರಣೆ, ಆಗಿಬಿಡುತ್ತದೆ.

ಓದಲು ಬಾರದ ಕಾಂಜಿ ಎದುರಾದರೆ ಕೈಬರಹದ ವಿನ್ಯಾಸದಲ್ಲಿ ಗೀಚಿ. ಗೆರೆಗಳ ಕ್ರಮ ಸರಿಯಿದ್ದಷ್ಟೂ ಬೇಗ ಗುರುತಿಸುತ್ತದೆ. ಕ್ಯಾಮೆರಾದಿಂದ ಓದಿಸುವುದು ಸುಲಭವೇ, ಆದರೆ ಕಾಂಜಿಯ ಪಕ್ಕದಲ್ಲಿ ಉಚ್ಚಾರಣೆ ತಿಳಿಸುವ ಸಣ್ಣ ಅಕ್ಷರಗಳು, ಅಂದರೆ ಫುರಿಗಾನ, ಹಲವು ಸಲ ಸಾಲಿನೊಳಗೆ ಬೆರೆತುಹೋಗುತ್ತದೆ. ಬೇಕಾದ ಪದವನ್ನಷ್ಟೇ ಚೌಕಟ್ಟಿಗೆ ತನ್ನಿ. ನಿಘಂಟು ಆಫ್‌ಲೈನ್ ಇರಲಿ: ಆಂಡ್ರಾಯ್ಡ್‌ಗೆ ತಾಕೊಬೊತೊ, ಐಫೋನಿಗೆ ಶಿರಾಬೆ ಜಿಶೊ.

ಫೋನಿನ ಯಂತ್ರಧ್ವನಿಯಲ್ಲಿ ಉಚ್ಚಾರಣೆ ಕೇಳುವವರು ಎಚ್ಚರ. ‘ಕರಾಯ್’ (ಖಾರ) ಮತ್ತು ‘ತ್ಸುರಾಯ್’ (ಯಾತನೆ) ಒಂದೇ ಕಾಂಜಿಯಲ್ಲಿ ಬರೆಯುವ ಪದಗಳು, ಯಂತ್ರ ಯಾವುದನ್ನು ಓದುತ್ತದೋ ಹೇಳಲಾಗದು. ಉಚ್ಚಾರಣೆಯಂತೆ ಬರೆಯುವ ಹಿರಗಾನ ಲಿಪಿಯಲ್ಲಿ ಕೊಟ್ಟರೆ ಈ ಗೊಂದಲ ತಪ್ಪುತ್ತದೆ. ಆದರೆ ‘ಹಶಿ’ ಸೇತುವೆಯೋ ಊಟದ ಕಡ್ಡಿಯೋ ಎಂಬ ಸ್ವರಭಾರದ ವ್ಯತ್ಯಾಸ ಕಳೆದುಹೋಗುತ್ತದೆ. ಜನರ ಧ್ವನಿ ಇರುವ ವಾಕ್ಯಗಳೇ ಮೇಲು.

ಪದ ನೆನಪಿಡಲು, ಕಾರ್ಡ್‌ಗಳನ್ನು ಮತ್ತೆ ಮತ್ತೆ ತೋರಿಸಿ ಕೇಳುವ ಆಂಕಿ ಆ್ಯಪ್ ಸಾಕು. ಅದರ ಮೂಲ ಸೆಟ್ಟಿಂಗ್‌ನಲ್ಲಿ ದಿನಕ್ಕೆ 20 ಹೊಸ ಕಾರ್ಡ್. ಕೆಲ ವಾರಗಳಲ್ಲಿ ಪುನರಾವರ್ತನೆ ದಿನಕ್ಕೆ ಸುಮಾರು 200ಕ್ಕೆ ಏರುತ್ತದೆ. ಅರ್ಧಕ್ಕೇ ಬಿಟ್ಟವರಲ್ಲಿ ಬಹಳ ಮಂದಿ ಇಲ್ಲೇ ಸೋತವರು. ಹೊಸ ಕಾರ್ಡ್‌ಗಳನ್ನು ದಿನಕ್ಕೆ 5–8ಕ್ಕೆ ಇಳಿಸಿ. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬಳಸುವುದಾದರೆ ಒಂದನ್ನು ಮುಚ್ಚುವ ಮುನ್ನ ಸಿಂಕ್ ಮಾಡಿ, ಇನ್ನೊಂದನ್ನು ತೆರೆದ ಕೂಡಲೇ ಮತ್ತೆ ಮಾಡಿ. ಕಾರ್ಡಿನ ವಿನ್ಯಾಸ ಬದಲಿಸಿದಾಗ ಅದು ‘ಅಪ್‌ಲೋಡ್ ಮಾಡಲೇ, ಡೌನ್‌ಲೋಡ್ ಮಾಡಲೇ’ ಎಂದು ಕೇಳಬಹುದು. ಡೌನ್‌ಲೋಡ್ ಒತ್ತಿದರೆ ಕೈಯಲ್ಲಿರುವ ಸಾಧನದಲ್ಲಿ ಸಿಂಕ್ ಆಗದೆ ಉಳಿದದ್ದೆಲ್ಲ ಅಳಿಸುತ್ತದೆ, ಅಪ್‌ಲೋಡ್ ಒತ್ತಿದರೆ ಸರ್ವರ್‌ನಲ್ಲಿದ್ದದ್ದು. ಉತ್ತರಿಸುವ ಮುನ್ನ ಮೆನುವಿನಿಂದ ಒಂದು ಬ್ಯಾಕಪ್ ತೆಗೆದಿಡಿ.