ಮುದ್ದೆ ತೊಳಸಿದ ಕೈಗೆ ಬ್ರನ್ಸ್‌ವಿಕ್ ಸ್ಟ್ಯೂ ಒಲಿಯಿತು

ಹೋದ ನವೆಂಬರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡಿನ ನಮ್ಮ ಹಿತ್ತಲಲ್ಲಿ 15 ಗ್ಯಾಲನ್ ಬ್ರನ್ಸ್‌ವಿಕ್ ಸ್ಟ್ಯೂ ಮಾಡಿದೆ. ಮಾಂಸ, ತರಕಾರಿ, ಕಾಳು ಹಾಕಿ ಹಂಡೆಯಲ್ಲಿ ಗಂಟೆಗಟ್ಟಲೆ ಕುದಿಸುವ ಇಲ್ಲಿನ ಗಟ್ಟಿ ಅಡುಗೆ ಅದು. ನಮ್ಮ ಲೆಕ್ಕದಲ್ಲಿ 57 ಲೀಟರ್. ತಳ ಹಿಡಿಯಲಿಲ್ಲ, ನೀರಾಗಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹಂಡೆ ಖಾಲಿ. ಮಗಳ ಸ್ಕೂಲ್ ಬ್ಯಾಂಡಿಗೆ ದುಡ್ಡು ಕೂಡಿಸಲು ಮಾಡಿದ್ದು. "ಇದು ಹುಟ್ಟಿದಾಗಿಂದ ತಿಂದವರು ಮಾಡೋ ಅಡುಗೆ, ನಿನಗ್ಯಾಕೆ" ಅಂದಿದ್ದವರೇ ಎರಡೆರಡು ಡಬ್ಬಿ ಒಯ್ದರು. ದೊಡ್ಡ ಹಂಡೆಯಲ್ಲಿ ಅಡುಗೆ ಮಾಡಿ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ಈರುಳ್ಳಿ ಹೆಚ್ಚುವುದನ್ನು ಹೇಳಿಕೊಡಲ್ಲ.

ಅದಕ್ಕೂ ಮುಂಚೆ ಎರಡು ಸಲ ಕೆಟ್ಟಿತ್ತು. ಮೊದಲ ಸಲ ಸುಮಾರು 8 ಗ್ಯಾಲನ್. ಮುಸುಕಿನ ಜೋಳವನ್ನು ಬಟರ್ ಬೀನ್ಸ್ ಅನ್ನೋ ಚಪ್ಪಟೆ ಕಾಳಿನ ಜೊತೆಗೇ ಸುರಿದುಬಿಟ್ಟೆ. ಜೋಳ ತಳಕ್ಕೆ ಇಳಿದು ಕೂರುತ್ತದೆ, ಹಾಲು ಬಿಡುತ್ತದೆ, ಅಂಟುತ್ತದೆ. ನಾಲ್ಕನೇ ಗಂಟೆಗೆ ಸೀದ ವಾಸನೆ ಬಂತು. ಗಾಬರಿಯಲ್ಲಿ ತಳ ಕೆರೆದೆ. ಅದೇ ದೊಡ್ಡ ತಪ್ಪು. ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. 120 ಡಾಲರ್ ಸಾಮಾನು ಕಸಕ್ಕೆ ಹೋಯಿತು. ಎರಡನೇ ಸಲ ತಳ ಹಿಡಿಯುತ್ತೆ ಅನ್ನೋ ಭಯಕ್ಕೆ ನೀರು ಜಾಸ್ತಿ ಹಾಕಿದೆ. ಆಗಿದ್ದು ಸಾರು, ಸ್ಟ್ಯೂ ಅಲ್ಲ.

ಇಲ್ಲಿಯವರಿಗೆ ಸ್ಟ್ಯೂ ಆಯಿತು ಅಂತ ಗೊತ್ತಾಗೋದು ಹುಟ್ಟು ನೆಟ್ಟಗೆ ನಿಂತಾಗ. ದೋಣಿ ಹುಟ್ಟಿನಂಥ ಮರದ ಸೌಟು ಅದು. ಅದನ್ನು ಹಿಡಿದಾಗ ಮಂಡ್ಯದಲ್ಲಿ ನಮ್ಮಜ್ಜಿ ಮುದ್ದೆ ಕೋಲು ಹಿಡಿಯುತ್ತಿದ್ದದ್ದು ನೆನಪಾಯಿತು. ಅಜ್ಜಿ ಕೋಲನ್ನು ಸುಮ್ನೆ ಸುತ್ತ ತಿರುಗಿಸುತ್ತಿರಲಿಲ್ಲ. ತಳಕ್ಕೆ ಒತ್ತಿ, ಅಂಚಿಂದ ನಡುವಿಗೆ ಎಳೆದು, ಮತ್ತೆ ಅಂಚಿಗೆ ತಳ್ಳುತ್ತಿದ್ದಳು. ಮೂರನೇ ಸಲ ಹಾಗೇ ತೊಳಸಿದೆ. ತಳದ ಒಂದು ಬೆರಳಷ್ಟು ಜಾಗವೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರಲಿಲ್ಲ. ಆರೂವರೆ ಗಂಟೆ, ಮೂರು ಜನ, ಪಾಳಿ ಮೇಲೆ. ಇದನ್ನು ನೋಡಿಯೇ ಪಕ್ಕದ ಮನೆಯ ಹಿರಿಯರು ಕುರ್ಚಿ ತಂದು ಕೂತರು.

ಅವರ ಊರು ಇಲ್ಲಿಂದ ದಕ್ಷಿಣಕ್ಕಿರುವ ಬ್ರನ್ಸ್‌ವಿಕ್ ಕೌಂಟಿ. ಸ್ಟ್ಯೂ ಹುಟ್ಟಿದ್ದೇ ಅಲ್ಲಿ ಅನ್ನೋದು ಅವರ ಮಾತು. 1828ರಲ್ಲಿ ಕ್ರೀಡ್ ಹ್ಯಾಸ್ಕಿನ್ಸ್ ಅನ್ನೋ ಶಾಸಕರು ಬೇಟೆಗೆ ಹೋದಾಗ ಅವರ ಅಡುಗೆಯವನು ಜಿಮ್ಮಿ ಮ್ಯಾಥ್ಯೂಸ್ ಅಳಿಲು, ಈರುಳ್ಳಿ, ಬೆಣ್ಣೆ, ಒಣಗಿದ ಬ್ರೆಡ್ ಹಾಕಿ ಕುದಿಸಿದನಂತೆ. ಜಿಮ್ಮಿ ಗುಲಾಮನಾಗಿದ್ದ ಕಪ್ಪು ಮನುಷ್ಯ. ಆ ಹೆಸರನ್ನು ನಾನು ಪ್ರತಿ ಡಬ್ಬಿಯ ಚೀಟಿಯ ಮೇಲೂ ಬರೆದೆ. ಕೈ ಅವನದು, ಹೆಸರೂ ಅವನದೇ ಇರಬೇಕು ಅಲ್ವಾ? ಜಾರ್ಜಿಯಾ ರಾಜ್ಯದವರು ಇದನ್ನು ಒಪ್ಪಲ್ಲ. ಅವರಲ್ಲೂ ಬ್ರನ್ಸ್‌ವಿಕ್ ಅನ್ನೋ ಊರಿದೆ. ಅಲ್ಲಿಟ್ಟಿರುವ ಹಳೇ ಕಬ್ಬಿಣದ ಹಂಡೆಯ ಮೇಲೆ, 1898ರ ಜುಲೈ 2ರಂದು ಸೇಂಟ್ ಸೈಮನ್ಸ್ ದ್ವೀಪದಲ್ಲಿ ಮೊದಲ ಸ್ಟ್ಯೂ ಇದರಲ್ಲೇ ಆಯಿತು ಅಂತ ಕೆತ್ತಿದೆ. ನನ್ನ ಮಟ್ಟಿಗೆ ಅದಕ್ಕಿಂತ 70 ವರ್ಷ ಹಿಂದಿನ ವರ್ಜೀನಿಯಾದ್ದೇ ಮೊದಲು.

ರುಚಿಯೂ ಬೇರೆ. ವರ್ಜೀನಿಯಾದ್ದು ಕೋಳಿ, ಬೆಣ್ಣೆ, ಗಟ್ಟಿ ಹದ. ಜಾರ್ಜಿಯಾದಲ್ಲಿ ಹೊಗೆಯಲ್ಲಿ ಬೆಂದ ಹಂದಿ ಮಾಂಸ, ಕೆಲವೊಮ್ಮೆ ದನದ್ದೂ, ಮೇಲೆ ಬಾರ್ಬೆಕ್ಯೂ ಸಾಸಿನ ಹುಳಿಸಿಹಿ. ಕೆಂಟಕಿಯ ಬರ್ಗೂ ಇದಕ್ಕೆ ದಾಯಾದಿ. ಓವೆನ್ಸ್‌ಬರೋ ಕಡೆ ಅದಕ್ಕೆ ಕುರಿ ಮಾಂಸ ಹಾಕುತ್ತಾರೆ. ನಾನು ಒಂದು ಸಣ್ಣ ಪಾತ್ರೆಯಲ್ಲಿ ಬಟರ್ ಬೀನ್ಸ್ ಬದಲು ಹಿತಕಿದ ಅವರೆ ಹಾಕಿ ನೋಡಿದೆ. ಸೊಗಡು ಬಂದಿದ್ದೇ ತಡ, ಮನೆಯವರೆಲ್ಲ ತಟ್ಟೆ ನೆಕ್ಕಿದರು. ಆದರೆ ಅವರೆ ಪ್ಯಾಕೆಟ್ಟಿಗೆ 4 ಡಾಲರ್. ಹಂಡೆಗೆ ಹಾಕೋಕೆ ಗಿಟ್ಟಲ್ಲ.

ಮೂರನೇ ಸಲದ ಲೆಕ್ಕ, ನೆನಪಿದ್ದಂತೆ: ಕೋಳಿ ತೊಡೆ 35 ಪೌಂಡ್, ಆಲೂಗಡ್ಡೆ 12, ಈರುಳ್ಳಿ 8. ದೊಡ್ಡ ಡಬ್ಬಿ ಟೊಮ್ಯಾಟೊ ನಾಲ್ಕು, ಬಟರ್ ಬೀನ್ಸ್ ಮೂರು, ಜೋಳ ಮೂರು. ಕೋಳಿ ಬೆಂದು ಮೂಳೆ ಬಿಟ್ಟ ಮೇಲೆ ಮೂಳೆ ಆರಿಸಿ ತೆಗೆದೆ. ಜೋಳ ಕಡೇ ಮುಕ್ಕಾಲು ಗಂಟೆಯಲ್ಲಿ, ಉರಿ ಅರ್ಧಕ್ಕಿಳಿಸಿ. ಇಳಿಸುವ ಮುಂಚೆ ಇನ್ನೂ ಎರಡು ಸಾಮಾನು ಬೀಳುತ್ತವೆ. ಒಂದು ಬೆಣ್ಣೆ. ಇನ್ನೊಂದನ್ನು ಹೆಂಡತಿಗೂ ಹೇಳಿಲ್ಲ.

ಖರ್ಚು ಗ್ಯಾಸೂ ಸೇರಿ 230 ಡಾಲರ್ ಆಸುಪಾಸು. ಕುದ್ದು ಇಳಿದು ಸಿಕ್ಕಿದ್ದು 48 ಕ್ವಾರ್ಟ್; ಕ್ವಾರ್ಟ್ ಅಂದರೆ ಕಾಲು ಗ್ಯಾಲನ್. ತೊಳಸಿದವರಿಗೆ ಮೂರು ತೆಗೆದಿಟ್ಟು 45 ಮಾರಿದೆವು, ಕ್ವಾರ್ಟಿಗೆ 12 ಡಾಲರ್. ಬ್ಯಾಂಡಿಗೆ 310 ಉಳಿಯಿತು. ಹಳೇ ಹಂಡೆಗೆ ಕೊಟ್ಟ 180 ನನ್ನ ಜೇಬಿಂದು, ಅದನ್ನು ಸೇರಿಸಿಲ್ಲ.

ಒಂದೂವರೆ ಗಂಟೆಗೆ ಆ ಹಿರಿಯರು ಎದ್ದು ಬಂದು ಹುಟ್ಟನ್ನು ಹಂಡೆ ನಡುವೆ ನಿಲ್ಲಿಸಿ ಕೈ ಬಿಟ್ಟರು. ಅದು ನಿಂತಿತು. ಅವರು ಏನೂ ಹೇಳಲಿಲ್ಲ. ಬಟ್ಟಲು ತರಲು ಮನೆಗೆ ಹೋದರು.