ಮನೆಯಲ್ಲಿ ತುರ್ತು ದಿನಸಿ: ಅಕ್ಕಿಗಿಂತ ಮೊದಲು ನೀರಿನ ಲೆಕ್ಕ ಹಾಕಿ

ಕಷ್ಟಕಾಲಕ್ಕೆ ದಿನಸಿ ಕೂಡಿಡಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ಅಕ್ಕಿ ಮೂಟೆ ಮೇಲೆ. ಸರಿ, ಆದರೆ ನೆರೆಯೋ ಬಿರುಗಾಳಿಯೋ ಬಂದು ಕರೆಂಟು, ನಲ್ಲಿ, ಗ್ಯಾಸು ಮೂರೂ ಒಟ್ಟಿಗೆ ಕೈಕೊಟ್ಟರೆ ಆ ಅಕ್ಕಿಯನ್ನು ಬೇಯಿಸುವುದು ಹೇಗೆ?

ಅದಕ್ಕೇ ನೀರಿನಿಂದ ಶುರು ಮಾಡಿ. ಒಬ್ಬರಿಗೆ ದಿನಕ್ಕೆ 4 ಲೀಟರ್ ಇರಲಿ. ಅರ್ಧ ಕುಡಿಯೋದಕ್ಕೆ, ಉಳಿದದ್ದು ಅಡುಗೆಗೆ, ಕೈ ಬಾಯಿ ತೊಳೆಯೋದಕ್ಕೆ. ನಾಲ್ಕು ಜನರ ಮನೆಗೆ 3 ದಿನಕ್ಕೇ 48 ಲೀಟರ್ ಆಯಿತು, ಅಂದರೆ 48 ಕಿಲೋ ಭಾರ. ಎಲ್ಲವನ್ನೂ ಒಂದೇ ಡ್ರಮ್ಮಿಗೆ ತುಂಬಿದರೆ ಎತ್ತೋಕೂ ಆಗಲ್ಲ, ಸೋರಿದರೆ ಪೂರ್ತಿ ಹೋಯಿತು. ಬಿಗಿ ಮುಚ್ಚಳದ ಸಣ್ಣ ಕ್ಯಾನುಗಳಲ್ಲಿ ತುಂಬಿ, ಮೇಲೆ ತಾರೀಖು ಬರೆದು, 6 ತಿಂಗಳಿಗೊಮ್ಮೆ ಬದಲಿಸಿ. ನೀರಿನ ಮೇಲೆ ಅನುಮಾನ ಬಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ. 2000 ಮೀಟರಿಗಿಂತ ಎತ್ತರದ ಜಾಗವಾದರೆ 3 ನಿಮಿಷ. ಕುದಿಸಿದರೆ ರೋಗಾಣು ಸಾಯುತ್ತವೆ, ನೀರಿಗೆ ಸೇರಿದ ರಾಸಾಯನಿಕ ಹೋಗುವುದಿಲ್ಲ.

ಆಮೇಲೆ ಊಟ. ಮೊದಲ 3 ದಿನಕ್ಕೆ ಒಲೆ ಹಚ್ಚದೆ ತಿನ್ನುವಂಥದ್ದು ಬೇಕು: ಬಿಸ್ಕತ್ತು, ಬೀಜಗಳು, ಒಣಹಣ್ಣು, ಬೇಯಿಸಿ ಡಬ್ಬಿಯಲ್ಲಿ ತುಂಬಿದ ಕಾಳು. ಡಬ್ಬಿ ತೆರೆಯುವ ಕೈ ಉಪಕರಣವನ್ನೂ ಅದರ ಜೊತೆಗೇ ಇಡಿ. ತುಂಬಾ ಜನ ಮರೆಯುವುದು ಇದನ್ನೇ! ಉಪ್ಪು ಜಾಸ್ತಿ ಇರುವ ತಿಂಡಿ ಕಡಿಮೆ ಇರಲಿ, ಬಾಯಾರಿಕೆ ಹೆಚ್ಚಿಸಿ ನೀರು ಖಾಲಿ ಮಾಡಿಸುತ್ತದೆ.

ಬೇಯಿಸುವ ಸಾಮಾನಿಗೆ ಒಂದು ಅಂದಾಜು: ಅಕ್ಕಿ ಬೇಳೆ ಸೇರಿ ಅರ್ಧ ಕಿಲೋ, ಜೊತೆಗೆ ಎರಡು ದೊಡ್ಡ ಚಮಚ ಎಣ್ಣೆ ಇದ್ದರೆ ದೊಡ್ಡವರೊಬ್ಬರ ಒಂದು ದಿನದ 2000 ಕ್ಯಾಲೊರಿ ಹತ್ತಿರ ಬರುತ್ತದೆ. ಪಾಲಿಶ್ ಮಾಡಿದ ಅಕ್ಕಿ ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕಂದು ಅಕ್ಕಿ ಆರೋಗ್ಯಕ್ಕೆ ಒಳ್ಳೆಯದು ಅಂತ ಅದನ್ನೇ ತುಂಬಿಸಬೇಡಿ, ತವುಡಿನಲ್ಲಿರುವ ಎಣ್ಣೆಯಿಂದ ಸುಮಾರು 6 ತಿಂಗಳಿಗೇ ಕಮಟು ವಾಸನೆ ಬರುತ್ತದೆ. ಇಡೀ ಕಾಳು ಹಳೆಯದಾದಷ್ಟೂ ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಇಂಧನ ಉಳಿಸಬೇಕಾದ ಹೊತ್ತಲ್ಲಿ ಒಡೆದ ಬೇಳೆಯೇ ವಾಸಿ. ಹುಳದ ಮೊಟ್ಟೆ ಎಷ್ಟೋ ಸಲ ಧಾನ್ಯದ ಜೊತೆಗೇ ಮನೆಗೆ ಬಂದಿರುತ್ತದೆ, ಫ್ರೀಜರಿನಲ್ಲಿ 4 ದಿನ ಇಟ್ಟು ಆಮೇಲೆ ಡಬ್ಬಿಗೆ ತುಂಬಿ.

ಇನ್ನೊಂದು, ಮನೆಯವರು ದಿನಾ ತಿನ್ನುವುದನ್ನೇ ಸ್ವಲ್ಪ ಜಾಸ್ತಿ ತನ್ನಿ. ಹೊಸದು ಹಿಂದೆ, ಹಳೆಯದು ಮುಂದೆ, ಮುಂದಿನಿಂದ ತೆಗೆದು ಬಳಸಿ. ಯಾರೂ ಮುಟ್ಟದ ‘ವಿಶೇಷ’ ಪೊಟ್ಟಣಗಳು ಸುಮ್ನೆ ಅವಧಿ ಮುಗಿಸಿಕೊಂಡು ಕೂರುತ್ತವೆ, ಅಲ್ವಾ? ಮಗುವಿನ ಹಾಲಿನ ಪುಡಿ, ವಯಸ್ಸಾದವರ ಮಾತ್ರೆಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಕರೆಂಟು ಹೋದಾಗ ಮೊದಲು ಫ್ರಿಜ್ಜಿನದ್ದು ತಿನ್ನಿ, ಆಮೇಲೆ ಫ್ರೀಜರಿನದ್ದು, ಕೊನೆಗೆ ಕಪಾಟಿನದ್ದು. ಬಾಗಿಲು ತೆಗೆಯದಿದ್ದರೆ ಫ್ರಿಜ್ 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಇದ್ದಿಲ ಒಲೆಯನ್ನು ಮಾತ್ರ ಒಳಗೆ ಹಚ್ಚಲೇಬೇಡಿ, ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಕಿಟಕಿ ತೆರೆದಿಟ್ಟರೂ ಜೀವ ಹೋಗಬಹುದು. ಉಬ್ಬಿದ ಅಥವಾ ಸೋರುತ್ತಿರುವ ಡಬ್ಬಿ ಕಂಡರೆ ಎಸೆಯಿರಿ. ರುಚಿ ನೋಡಿ ತೀರ್ಮಾನಿಸೋಣ ಅಂತ ನಾಲಿಗೆಗೆ ಹಚ್ಚಬೇಡಿ.